ಚಿತ್ರದ ಮುಳ್ಳನ್ನು ನಂಬಿದ ವರ್ಷ

ಬ್ರಹ್ಮಾವರದಲ್ಲಿ ಮಗಳ ಹೊಸ ಮನೆಗೆ ದಾರಂದ, ಅಂದರೆ ಬಾಗಿಲ ಚೌಕಟ್ಟು, ನಿಲ್ಲಿಸುವ ದಿನ, ವಾಸ್ತು ನೋಡಲು ಬಂದವರೊಬ್ಬರು ಕಿಸೆಯಿಂದ ಮೊಬೈಲ್ ತೆಗೆದು ಹೊಸ್ತಿಲ ಮರದ ಮೇಲೆ ಇಟ್ಟರು. ಪರದೆಯಲ್ಲಿ ಒಂದು ಕಂಪಾಸು ಮೂಡಿತು. ಹಿತ್ತಾಳೆಯ ಬಳೆ, ಬಳೆಯ ಸುತ್ತ ಸಣ್ಣ ಸಣ್ಣ ಗೀರು, ನಡುವೆ ಕೆಂಪು ತುದಿಯ ಮುಳ್ಳು. ಗಾಜಿಗೆ ಬಿಸಿಲು ತಾಗಿದ ಹಾಗೆ ಒಂದು ಬಿಳಿ ಹೊಳಪನ್ನೂ ಬರೆದಿದ್ದರು. ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಬಿಗಿಯಲು ಏನೂ ಇಲ್ಲದ ಕಡೆ ಸ್ಕ್ರೂ. ಮುಳ್ಳು ಎರಡು ಸಲ ನಡುಗಿ ನಿಂತಿತು, ನಿಜವಾದ ಮುಳ್ಳು ನಡುಗಿ ನಿಲ್ಲುವ ಹಾಗೆಯೇ.

"ಮಾವ, ಕಾಣಿ ಇಲ್ಲ್," ಎಂದ ಅಳಿಯ. "ನಿಮ್ ಬೋಟಿನಲ್ ಇದ್ದ ಹಾಂಗೇ ಇತ್ತಲ್ದಾ?"

ನಾನು ಬಗ್ಗಿ ನೋಡಿದೆ. ಅಲ್ಲೇ ರಾಶಿ ಹಾಕಿದ್ದ ಕೆಂಪುಕಲ್ಲಿನ ಮೇಲೆ ಕುಳಿತೆ. ಮಗಳು ನೀರು ತಂದುಕೊಟ್ಟು, "ಎಂತ ಆಯ್ತ್ ಅಪ್ಪಯ್ಯ?" ಎಂದು ಕೇಳಿದಾಗ ಬಿಸಿಲಿಗೆ ತಲೆ ತಿರುಗಿತು ಎಂದೆ. ಅದು ಸುಳ್ಳು. ಹದಿನಾಲ್ಕು ವರ್ಷ ಹೇಳುತ್ತಾ ಬಂದಿದ್ದ ಒಂದು ದೊಡ್ಡ ಸುಳ್ಳಿನ ಎದುರಿಗೆ ಇದು ಸಣ್ಣದು. ಆ ದೊಡ್ಡದನ್ನು ಹೇಳಲೆಂದೇ ಈಗ ಕುಳಿತು ಬರೆಯುತ್ತಿದ್ದೇನೆ. ನಾನು ಓದಿದ್ದು ಹತ್ತನೆಯ ತರಗತಿಯ ತನಕ. ತಪ್ಪಿದ್ದರೆ ಓದುವವರು ಸುಧಾರಿಸಿಕೊಳ್ಳಬೇಕು.

ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲಿ ನಾನು ಗಂಗೊಳ್ಳಿ ಬಂದರದ ಒಂದು ಟ್ರಾಲ್ ಬೋಟಿಗೆ ತಂಡೇಲನಾಗಿದ್ದೆ. ತಂಡೇಲ ಎಂದರೆ ಬೋಟಿನ ಯಜಮಾನಿಕೆ ಹೊತ್ತವನು. ಬಲೆ ಎಲ್ಲಿ ಬಿಡಬೇಕು, ಯಾವಾಗ ಎತ್ತಬೇಕು, ಯಾವಾಗ ದಡಕ್ಕೆ ತಿರುಗಬೇಕು ಎನ್ನುವುದು ಅವನ ಮಾತು. ನಮ್ಮ ಕಡೆಯ ತಂಡೇಲರಲ್ಲಿ ಆಗ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ ಎಂಬ ಹೆಮ್ಮೆ ನನಗಿತ್ತು. ಚುಕ್ಕಾಣಿ ಹಿಡಿಯುತ್ತಿದ್ದವರು ಕೋಡಿ ಊರಿನ ಬಚ್ಚಣ್ಣ. ಅರವತ್ತು ದಾಟಿದ್ದರು. ಅಕ್ಷರ ಗೊತ್ತಿರಲಿಲ್ಲ. ನಾನು ಮೊದಲ ಸಲ ಕಡಲಿಗೆ ಹೋದದ್ದು ಅವರ ಬೆನ್ನ ಹಿಂದೆ ನಿಂತು. ಹಾಗಾಗಿ ನಾನು ತಂಡೇಲನಾದ ಮೇಲೂ ಅವರು ನನ್ನನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಉಳಿದವರು "ತಂಡೇಲ್ರೆ" ಎನ್ನುವಾಗ ಅವರೊಬ್ಬರು "ಶೇಕ್ರ" ಎನ್ನುವುದು ನನಗೆ ಆ ವರ್ಷ ಚುಚ್ಚತೊಡಗಿತ್ತು. ಇದನ್ನೂ ಬರೆಯಲೇಬೇಕು, ಏಕೆಂದರೆ ಮುಂದೆ ಆದದ್ದರಲ್ಲಿ ಇದರ ಪಾಲೂ ಇದೆ.

ಮಳೆಗಾಲದ ರಜೆ ಮುಗಿದು ಬೋಟು ಇಳಿಸುವ ಮುಂಚೆ ಬೋಟಿನ ಒಡೆಯರಾದ ನಮ್ಮ ಧನಿಗಳು ಮುಂಬಯಿಯಿಂದ ಒಂದು ಜಿಪಿಎಸ್ ತರಿಸಿದರು. ಅಂಗೈಗಿಂತ ತುಸು ಉದ್ದದ ಕಪ್ಪು ಡಬ್ಬಿ. ಕ್ಯಾಲ್ಕುಲೇಟರಿನಂಥ ಬೂದು ಪರದೆ. ಜೊತೆಗೆ ಒಂದು ಇಂಗ್ಲಿಷ್ ಪುಸ್ತಕ. "ಓದಿದವ ನೀನೊಬ್ಬನೇ, ನೀನೇ ಕಲಿ," ಎಂದು ಧನಿಗಳು ನನ್ನ ಕೈಗಿತ್ತರು. ನಾನು ಮೊದಲ ಹತ್ತು ಪುಟ ಕಷ್ಟಪಟ್ಟು ಓದಿದೆ. ಆಮೇಲೆ ಚಿತ್ರ ಮಾತ್ರ ನೋಡಿದೆ. ಚಿತ್ರಗಳೇ ಎಲ್ಲವನ್ನೂ ಹೇಳುತ್ತವೆ ಅನಿಸಿತು. ಒಂದು ಗುಂಡಿ ಒತ್ತಿದರೆ ಪರದೆಯಲ್ಲಿ ರಸ್ತೆ ಬರುತ್ತಿತ್ತು, ದೂರ ಹೋದ ಹಾಗೆ ಸಪೂರವಾಗುವ ಡಾಂಬರು ರಸ್ತೆಯಂಥದ್ದೇ. ಅದರ ಮೇಲೆ ಹೋದರೆ ಬಂದರ ಮುಟ್ಟುತ್ತದೆ. ಇನ್ನೊಂದು ಸಲ ಒತ್ತಿದರೆ ಕಂಪಾಸು. ದುಂಡಗಿನ ಬಳೆ, ನಾಲ್ಕು ದಿಕ್ಕಿನ ಅಕ್ಷರ, ನಡುವೆ ಮುಳ್ಳು.

ಮೊದಲ ದಿನ ಬಚ್ಚಣ್ಣ ಕಣ್ಣು ಕಿರಿದು ಮಾಡಿ ರಸ್ತೆ ನೋಡಿದರು.

"ಕಡಲಿಗೂ ರಸ್ತಿ ಆಯ್ತಾ ಮಾರಾಯ? ಬಸ್ ಎಷ್ಟ್ ಗಂಟಿಗ್ ಬತ್ತ್?"

ಎಲ್ಲರೂ ನಕ್ಕರು. ಎಂಜಿನ್ ನೋಡಿಕೊಳ್ಳುವ ಚಂದ್ರ ಬೋಟಿನ ಬದಿಗೆ ಬಡಿದು, "ರೈಟ್ ಹೋಯ್, ಕುಂದಾಪ್ರ ಕುಂದಾಪ್ರ," ಎಂದು ಕಂಡಕ್ಟರನ ಹಾಗೆ ಕೂಗಿದ. ನಾನು ನಗಲಿಲ್ಲ. ಗುಂಡಿ ಒತ್ತಿ ಕಂಪಾಸು ತೋರಿಸಿದೆ.

"ಇದ್ರೊಳಗೆ ಮುಳ್ಳ್ ಇತ್ತಾ?" ಎಂದು ಬಚ್ಚಣ್ಣ ಕೇಳಿದರು.

"ಇಲ್ಲೆ. ಚಿತ್ರ. ಆಕಾಶದಲ್ ಉಪಗ್ರಹ ಇತ್ತ್. ಅದ್ ಹೇಳ್ತ್, ಇದ್ ತೋರ್ಸ್ತ್."

"ಅದ್ಕೆ ನಮ್ ಬೋಟ್ ಎಲ್ಲ್ ಇತ್ತ್ ಅಂತ ಗೊತ್ತಾಯ್ಕ್. ಯಾವ ಬದಿಗ್ ಮುಖ ಮಾಡಿ ನಿಂತಿತ್ ಅಂತ ಮೇಲಿಂದ ಹ್ಯಾಂಗ್ ಗೊತ್ತಾತ್?"

"ಅದೆಲ್ಲ ಇಂಗ್ಲಿಷಿನಲ್ ಬರ್ದಿರ್. ನಿಮ್ಗ್ ಅರ್ಥ ಆತಿಲ್ಲೆ," ಎಂದುಬಿಟ್ಟೆ. ಅದೇ ದಿನ ಚುಕ್ಕಾಣಿಯ ಎದುರಿಗಿದ್ದ ಹಳೆಯ ಕಂಪಾಸನ್ನು, ಮರದ ಪೆಟ್ಟಿಗೆಯ ಸಮೇತ, ಸ್ಕ್ರೂ ಬಿಚ್ಚಿ ತೆಗೆಸಿದೆ. ಆ ಜಾಗದಲ್ಲಿ ಜಿಪಿಎಸ್ ಕೂರಿಸಿದೆ. ನಿಜವಾದ ಕಂಪಾಸು ಧನಿಗಳ ಮನೆಯ ಗಾಜಿನ ಕಪಾಟಿನಲ್ಲಿ ಪ್ಲಾಸ್ಟಿಕ್ ಹೂವಿನ ಪಕ್ಕ ಹೋಗಿ ಕುಳಿತಿತು.

ಮೊದಲ ಮೂರು ವಾರ ಆ ಡಬ್ಬಿ ನನ್ನ ಮಾನ ಕಾಯಿತು. ಮಬ್ಬಿನಲ್ಲೂ, ಹೊಳೆ ಕಡಲು ಸೇರುವ ಅಳಿವೆ ಬಾಗಿಲಿಗೆ ಸರಿಯಾಗಿ ತಂದು ಮುಟ್ಟಿಸಿತು. ಬೇರೆ ಬೋಟಿನ ತಂಡೇಲರು ಹತ್ತಿ ಬಂದು ನೋಡಿ ಹೋದರು. ನಾನು ಚುಕ್ಕಾಣಿಯ ಹಿಂದೆ ನಿಂತು, ಬಚ್ಚಣ್ಣನಿಗೆ ಎಡ ಬಲ ಹೇಳತೊಡಗಿದೆ. ಅವರು ನಾನು ಹೇಳಿದಷ್ಟೇ ತಿರುಗಿಸುತ್ತಿದ್ದರು.

ಚೌತಿ ಕಳೆದು ಕೆಲವು ದಿನವಾಗಿತ್ತು. ಬೆಳಗಿನಿಂದಲೇ ಗಾಳಿಯ ಲೆಕ್ಕ ಸರಿ ಇರಲಿಲ್ಲ. ಪಡುವಣದಲ್ಲಿ ಮೋಡ ಕಟ್ಟಿ, ನೀರು ಸೀಸದ ಬಣ್ಣಕ್ಕೆ ತಿರುಗಿತು. ಮಧ್ಯಾಹ್ನ ಬಲೆ ಎತ್ತಿ, ಬೈಂದೂರಿನ ನೇರಕ್ಕೆ ಮೂಡಣಕ್ಕೆ ಮುಖ ಮಾಡಿ ಹೊರಟೆವು. ದಡದ ಒತ್ತಿನೆಣೆ ಗುಡ್ಡ ಕಂಡ ಮೇಲೆ ತೆಂಕಕ್ಕೆ ತಿರುಗಿ ಗಂಗೊಳ್ಳಿಗೆ ಹೋಗುವುದೆಂದು ನನ್ನ ಯೋಚನೆ. ಗುಡ್ಡ ಕಂಡಿತು. ಅದರ ಇದಿರಿಗೆ, ದಡಕ್ಕಿಂತ ಸ್ವಲ್ಪ ಈಚೆ, ನೀರಿನಿಂದ ತಲೆ ಎತ್ತಿದ ಬಂಡೆಗಳ ಸಾಲೂ ಕಂಡಿತು. ಅಷ್ಟರಲ್ಲಿ ಬೋಟು ಒಮ್ಮೆ ನಡುಗಿ, ಎಂಜಿನ್ ಕೆಮ್ಮಿ ನಿಂತಿತು. ತೇಲುತ್ತಿದ್ದ ಹಳೆ ಬಲೆಯ ತುಂಡೊಂದು, ನೀರೊಳಗೆ ತಿರುಗಿ ಬೋಟನ್ನು ತಳ್ಳುವ ಫ್ಯಾನಿಗೆ ಸುತ್ತಿಕೊಂಡಿತ್ತು.

ಲಂಗರು ಇಳಿಸಿದೆವು. ಈಜು ಚೆನ್ನಾಗಿ ಬರುತ್ತಿದ್ದ ರಾಮ ಸೊಂಟಕ್ಕೆ ಹಗ್ಗ ಕಟ್ಟಿ, ಕತ್ತಿ ಹಿಡಿದು ನೀರಿಗೆ ಹಾರಿದ. ಒಂದೊಂದು ಸಲ ಮುಳುಗಿ ಎದ್ದಾಗಲೂ ಒಂದು ಹಿಡಿ ಬಲೆ ಬಿಡಿಸಿ ತರುತ್ತಿದ್ದ. ಆಗಲೇ ಮಳೆ ಬಂತು. ಹನಿ ಹನಿಯಾಗಿ ಬಂದದ್ದಲ್ಲ, ಪಡುವಣದಿಂದ ಗೋಡೆಯೊಂದು ನಡೆದು ಬಂದು ನಮ್ಮನ್ನು ನುಂಗಿತು. ಗುಡ್ಡ ಹೋಯಿತು, ಬಂಡೆ ಹೋಯಿತು, ಬೋಟಿನ ಮೂತಿಯೇ ಸರಿಯಾಗಿ ಕಾಣದಾಯಿತು. ಬಂಡೆಗೆ ಅಲೆ ಹೊಡೆಯುವ ಸದ್ದು ಮಾತ್ರ ಕೇಳುತ್ತಿತ್ತು, ಯಾವ ಕಡೆಯಿಂದ ಎಂದು ತಿಳಿಯದ ಹಾಗೆ ಸುತ್ತಲೂ ಕೇಳುತ್ತಿತ್ತು.

ರಾಮ ಕೊನೆಯ ತುಂಡು ಬಿಡಿಸಿ ಮೇಲೆ ಹತ್ತುತ್ತಿದ್ದಂತೆ ಲಂಗರಿನ ಹಗ್ಗ ಕಲ್ಲಿಗೆ ಸವೆದು ಕಡಿದುಹೋಯಿತು. ಬೋಟು ಜಾರತೊಡಗಿತು.

"ಎಂಜಿನ್ ಹಾಕ್ಲಾ?" ಎಂದು ಚಂದ್ರ ಕೆಳಗಿನಿಂದ ಕೂಗಿದ.

"ತಡಿ," ಎಂದೆ. ಯಾವ ಕಡೆಗೆ ಎಂದು ನಿಶ್ಚಯವಾಗದೆ ಎಂಜಿನ್ ಹಾಕಿ ಪ್ರಯೋಜನವಿರಲಿಲ್ಲ. ಬಂಡೆ ಅಷ್ಟು ಹತ್ತಿರವಿತ್ತು. ಪರದೆ ನೋಡಿದೆ. ಕಂಪಾಸಿನ ಮುಳ್ಳು ಅಲ್ಲಾಡದೆ ನಿಂತಿತ್ತು. ನಮ್ಮ ಮೂತಿ ಮೂಡಣಕ್ಕೆ ಇದೆ ಎಂದು ತೋರಿಸುತ್ತಿತ್ತು. ಹಾಗಾದರೆ ಬಂಡೆ ಎದುರಿಗೇ ಇದೆ. ಪೂರ್ತಿ ತಿರುಗಿ ಹೋಗಬೇಕು.

"ಪೂರಾ ತಿರ್ಗ್ಸಿ ಬಚ್ಚಣ್ಣ," ಎಂದೆ.

ಅವರು ತಿರುಗಿಸಲಿಲ್ಲ. ಬರಿಗಾಲನ್ನು ಹಲಗೆಗೆ ಅಗಲವಾಗಿ ಊರಿ ನಿಂತಿದ್ದರು. "ಬೇಡ. ಎದ್ರಿಗ್ ಕಡಲ್. ಸೀದಾ ಹೋಪ."

"ಕಂಪಾಸ್ ಕಾಣಿ. ಎದ್ರಿಗ್ ಕಲ್ಲ್ ಇತ್ತ್."

"ಶೇಕ್ರ, ಲಂಗರ್ ಹಾಕಿದ್ ಮೇಲೆ ಬೋಟ್ ತಿರ್ಗಿತ್ತ್. ಕಾಲಡಿಗ್ ದೊಡ್ಡ ಅಲಿ ಮುಂದಿಂದ ಬತ್ತಾ ಇತ್ತ್. ಎದ್ರಿಗ್ ಕಡಲ್. ಸೀದಾ."

ಲಂಗರು ಹಾಕಿದ ಬೋಟು ಅಲೆಗೆ ಮುಖ ಕೊಟ್ಟು ನಿಲ್ಲುತ್ತದೆ. ಇದು ನಮ್ಮ ಕೇರಿಯಲ್ಲಿ ಹತ್ತು ವರ್ಷದ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ಹೊತ್ತಿಗೆ ನನ್ನ ಕಣ್ಣ ಮುಂದೆ ಇದ್ದದ್ದು ಕಂಪಾಸು. ಬರಿಯ ಅಂಕಿ ತೋರಿಸಿದ್ದರೆ ನಾನು ಒಂದು ಕ್ಷಣ ಅನುಮಾನಪಡುತ್ತಿದ್ದೆನೋ ಏನೋ. ದುಂಡಗಿನ ಬಳೆಯೊಳಗೆ ಮುಳ್ಳು ಇಟ್ಟು ತೋರಿಸಿದಾಗ, ಕಂಪಾಸು ಎಂದೂ ಸುಳ್ಳು ಹೇಳದು ಎಂದು ಚಿಕ್ಕಂದಿನಿಂದ ಕಲಿತ ನಂಬಿಕೆಯೆಲ್ಲ ಆ ಚಿತ್ರದ ಮೇಲೆ ಹೋಗಿ ಕುಳಿತಿತ್ತು.

"ಸೀದಾ ಹೋಪ ಮಗಾ," ಎಂದು ಮೂರನೆಯ ಸಲ ಹೇಳಿದರು. ದನಿ ಏರಿಸಲಿಲ್ಲ.

ನಾನು ಅವರನ್ನು ಭುಜದಿಂದ ನೂಕಿ ಚುಕ್ಕಾಣಿ ಹಿಡಿದೆ. ಎಂಜಿನ್ ಹಾಕಲು ಕೂಗಿದೆ. ಪೂರ್ತಿ ತಿರುಗಿಸಿ ಜೋರು ಕೊಟ್ಟೆ. ಬೋಟು ಓಡತೊಡಗಿದ ಮೇಲೆ ಪರದೆಯ ಮುಳ್ಳಿಗೆ ಎಚ್ಚರವಾಯಿತು. ಬಳೆ ಗಿರ್ರನೆ ತಿರುಗಿ, ಪೂರ್ತಿ ತಿರುಗಿಸಿದ ಮೇಲೂ ನೀನು ಮೂಡಣಕ್ಕೇ ಹೋಗುತ್ತಿದ್ದೀ ಎಂದು ತೋರಿಸಿತು. ಅದನ್ನು ನಾನು ನೋಡಿದೆ. ನೋಡಿದ್ದು ನೆನಪಿದೆ. ಕೈ ಎತ್ತುವಷ್ಟರಲ್ಲಿ ಬಂಡೆ ಸಿಕ್ಕಿತು.

ಬೋಟಿನ ತಳ ಸೀಳಿಹೋಯಿತು. ಬಲೆ ಎಳೆಯುವ ವಿಂಚಿನ ಒತ್ತಿಗೆ ಒದ್ದೆ ಮೈಯಲ್ಲಿ ಕುಳಿತಿದ್ದ ರಾಮನ ಬಲಪಾದ, ಜಾರಿ ಬಂದ ಕಬ್ಬಿಣದ ಹಲಗೆಯ ಅಡಿಗೆ ಸಿಕ್ಕಿತು. ಅವನ ಕೂಗು ಮಳೆಯನ್ನೂ ಮೀರಿ ಕೇಳಿತು. ಮಳೆ ತೆಳುವಾದ ಮೇಲೆ ದಡದಿಂದ ನಾಡದೋಣಿಯವರು ಬಂದು ನಮ್ಮನ್ನು ಇಳಿಸಿಕೊಂಡರು. ಬಚ್ಚಣ್ಣ ತಮ್ಮ ಮುಂಡಾಸನ್ನು ರಾಮನ ಕಾಲಿಗೆ ಬಿಗಿದು, ದಡ ಮುಟ್ಟುವ ತನಕ ಎರಡೂ ಕೈಯಲ್ಲಿ ಒತ್ತಿ ಹಿಡಿದೇ ಇದ್ದರು. ಕುಂದಾಪುರದ ಆಸ್ಪತ್ರೆಯಲ್ಲಿ ಪಾದ ತೆಗೆಯಬೇಕಾಯಿತು. ಅವನಿಗೆ ಆಗ ಇಪ್ಪತ್ತೇಳು ವರ್ಷ.

ಮರುದಿನ ಮನೆಯಲ್ಲಿ ಆ ಪುಸ್ತಕ ತೆಗೆದೆ. ಕಂಪಾಸಿನ ಚಿತ್ರವಿದ್ದ ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಎರಡು ಸಾಲು ಇತ್ತು. ಒಂದು ಪದ ನನಗೆ ಗೊತ್ತಿರಲಿಲ್ಲ. ಮಗಳ ಶಾಲೆಯ ನಿಘಂಟಿನಲ್ಲಿ ಹುಡುಕಿದೆ. ನಿಂತಿರುವ, ಚಲಿಸದ ಎಂದು ಅರ್ಥ ಕೊಟ್ಟಿದ್ದರು. ಈ ಕಂಪಾಸು ಚಲಿಸುತ್ತಿರುವಾಗ ಮಾತ್ರ ದಿಕ್ಕು ತೋರಿಸುತ್ತದೆ, ನಿಂತಿರುವಾಗ ನಂಬಬಾರದು ಎಂದು ಆ ಸಾಲುಗಳ ತಾತ್ಪರ್ಯ. ಬಚ್ಚಣ್ಣ ಮೊದಲ ದಿನ ಕೇಳಿದ ಪ್ರಶ್ನೆಗೆ ಅದು ಉತ್ತರ. ಅದು ನನ್ನ ಮನೆಯಲ್ಲೇ ಒಂದೂವರೆ ತಿಂಗಳಿನಿಂದ ಇತ್ತು.

ಹೆಂಡತಿ ಬಚ್ಚಲೊಲೆಗೆ ಬೆಂಕಿ ಹಾಕಿದ್ದಳು. ಪುಸ್ತಕವನ್ನು ಅದರೊಳಗೆ ಹಾಕಿದೆ. ಆ ಹೊತ್ತಿನ ತನಕ ನಾನು ಮಾಡಿದ್ದು ತಪ್ಪು. ಅಲ್ಲಿಂದ ಮುಂದೆ ಮಾಡಿದ್ದಕ್ಕೆ ಬೇರೆ ಹೆಸರಿದೆ.

ಎರಡು ದಿನದ ಮೇಲೆ ಬಂದರದ ಶೆಡ್ಡಿನಲ್ಲಿ ಕೂಟ ಸೇರಿತು. ಧನಿಗಳು, ಊರಿನ ನಾಲ್ಕು ಹಿರಿಯರು, ಬೇರೆ ಬೋಟಿನವರು, ನಮ್ಮ ಬೋಟಿನ ಐದು ಜನ. ರಾಮ ಆಸ್ಪತ್ರೆಯಲ್ಲಿದ್ದ. ಬೋಟು ಬಂಡೆಯ ಕಡೆಗೆ ತಿರುಗಿದ್ದು ಹೇಗೆ ಎಂದು ಧನಿಗಳು ನನ್ನನ್ನೇ ಮೊದಲು ಕೇಳಿದರು. ಹೇಳಿಬಿಡು ಎಂದು ಒಳಗಿನಿಂದ ಒಂದು ಮಾತು ಬಂದದ್ದೂ ನಿಜ. ಆದರೆ ಹೇಳಿದರೆ ಮತ್ತೆ ಯಾರೂ ನನ್ನನ್ನು ತಂಡೇಲ ಎಂದು ಕರೆಯುವುದಿಲ್ಲ. ರಾಮನ ತಾಯಿ ನನ್ನ ಮುಖ ನೋಡುವುದಿಲ್ಲ.

"ನಾನ್ ಸೀದಾ ಹೋಗಿ ಅಂದೆ," ಎಂದೆ. "ಬಚ್ಚಣ್ಣ ತಿರ್ಗ್ಸಿದ್ರ್. ಮಳಿಯಲ್ ಅವ್ರಿಗ್ ದಿಕ್ಕ್ ತಪ್ತ್."

ಅವರ ಮಾತನ್ನು ಕಿತ್ತು ನಾನು ಹಾಕಿಕೊಂಡೆ. ನನ್ನ ಮಾತನ್ನು ಅವರಿಗೆ ತೊಡಿಸಿದೆ. ಚುಕ್ಕಾಣಿ ಹಿಡಿಯುವವರು ಅವರೇ ಆದ್ದರಿಂದ ನಂಬದಿರಲು ಯಾರಿಗೂ ಕಾರಣವಿರಲಿಲ್ಲ.

ಬಚ್ಚಣ್ಣ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ. ಕೇಳಿದ್ದು ಸರಿಯಾಯಿತೋ ಇಲ್ಲವೋ ಎಂಬ ಹಾಗೆ ನೋಡುತ್ತಿದ್ದರು. "ಇಲ್ಲೆ," ಎಂದರು. "ಸೀದಾ ಅಂದದ್ ನಾನ್."

ಧನಿಗಳು ಚಂದ್ರನ ಕಡೆ ತಿರುಗಿದರು. "ಎಂಜಿನ್ ಶಬ್ದಕ್ಕೆ ಎಂತದೂ ಕೇಂಬ್ಲಿಲ್ಲೆ," ಎಂದ ಚಂದ್ರ ನೆಲ ನೋಡುತ್ತಾ. ಉಳಿದಿಬ್ಬರೂ ಹಾಗೆಯೇ ಅಂದರು. ಬೋಟಿನಲ್ಲಿ ಬಚ್ಚಣ್ಣ ಸೀದಾ ಎಂದಾಗ ಎಂಜಿನ್ ನಿಂತೇ ಇತ್ತು. ಆದರೆ ಮುಂದಿನ ಬೋಟಿಗೂ ತಂಡೇಲ ನಾನೇ ಎಂದು, ಆಳುಗಳನ್ನು ಆರಿಸುವವನೂ ನಾನೇ ಎಂದು ಅವರಿಗೆ ಗೊತ್ತಿತ್ತು.

"ವಯಸ್ಸಾಯ್ತಲ್ದಾ," ಎಂದರು ಹಿರಿಯರೊಬ್ಬರು. "ಇನ್ನ್ ಕಡಲ್ ಬೇಡ ಬಚ್ಚ."

ಅಷ್ಟೇ. ಬೈಗುಳವಿಲ್ಲ, ದಂಡವಿಲ್ಲ. ಐವತ್ತು ವರ್ಷ ಕಡಲಿಗೆ ಹೋದವರನ್ನು ಆ ಒಂದು ಮಾತು ದಡದಲ್ಲಿ ಕೂರಿಸಿತು.

ಅಲ್ಲಿಗೇ ನಿಂತಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಒಂದು ವಾರದ ಮೇಲೆ ಮಧ್ಯಾಹ್ನ ಊಟ ಮುಗಿಸಿ ಜಗುಲಿಗೆ ಬಂದರೆ ಬಚ್ಚಣ್ಣ ಅಂಗಳದಲ್ಲಿ ನಿಂತಿದ್ದರು. ಒಳಗೆ ಬನ್ನಿ ಎಂದೆ. ಬರಲಿಲ್ಲ.

"ರಾಮನ್ನ ಕಂಡ್ ಬಂದೆ," ಎಂದರು. "ಕಾಲ್ ಹಿಡ್ದ್ ತಪ್ಪಾಯ್ತ್ ಅಂದೆ. ಅವ ಮದ್ದಿನ ಮಂಪರಲ್ ಇದ್ದ. ನಂಗ್ ಕಾಲ್ ಹೋದ್ ದಿನದ್ದ್ ಎಂತದೂ ನೆನ್ಪಿಲ್ಲೆ ಅಂದ."

ನಾನು ಜಗುಲಿಯ ಕಂಬಕ್ಕೆ ಒರಗಿದೆ.

"ಶೇಕ್ರ, ನಾನ್ ಜಗಳಕ್ ಬಂದದ್ದಲ್ಲ. ನಂಗ್ ಒಂದೇ ಒಂದ್ ಹೇಳ್. ಸೀದಾ ಅಂತ ನಾನ್ ಅಂದದ್ದ್ ನನ್ ಕಿವಿಯಲ್ ಇತ್ತ್. ಎಲ್ಲಾ ಇಲ್ಲೆ ಅಂತ್ರ್. ನನ್ ತಲಿ ಹಾಳಾಯ್ತಾ? ಇಲ್ಲ್ ಯಾರೂ ಇಲ್ಲೆ. ನಾನ್ ಯಾರ ಹತ್ರೂ ಹೇಳುದಿಲ್ಲೆ. ನಂಗ್ ಗೊತ್ತಾರೆ ಸಾಕ್."

ಅಂಗಳದಲ್ಲಿ ಒಣಹಾಕಿದ ಮೀನಿನ ಮೇಲೆ ಕಾಗೆ ಇಳಿಯುತ್ತಿತ್ತು. ಅದನ್ನು ಓಡಿಸುವ ನೆವದಿಂದ ನಾನು ಮುಖ ತಿರುಗಿಸಿದೆ. ಅವರಿಗೆ ಬೇಕಾಗಿದ್ದದ್ದು ಒಂದು ಹೂಂ. ಅದನ್ನು ಕೊಟ್ಟಿದ್ದರೆ ನನಗೆ ಏನೂ ನಷ್ಟವಿರಲಿಲ್ಲ. ಆದರೆ ಒಬ್ಬರಿಗೆ ಒಪ್ಪಿದರೆ ಮಾತು ಹೊರಗೆ ಹೋದೀತು ಎಂದು ಹೆದರಿದೆ.

"ನೀವ್ ಹಾಂಗ್ ಅಂದದ್ದೇ ಇಲ್ಲೆ ಬಚ್ಚಣ್ಣ," ಎಂದೆ. "ಗಾಬರಿಯಲ್ ನಿಮ್ಗ್ ಹಾಂಗ್ ಕಂಡದ್ದ್."

"ಹೌದಾಯ್ಕ್," ಎಂದರು ಅವರು, ಇದ್ದರೂ ಇರಬಹುದು ಎಂಬ ದನಿಯಲ್ಲಿ. ಗೇಟಿನ ಹತ್ತಿರ ಹೋಗಿ, ಎಡಕ್ಕೋ ಬಲಕ್ಕೋ ಎಂದು ಯೋಚಿಸುವವರ ಹಾಗೆ ಒಂದು ಕ್ಷಣ ತಡೆದರು. ಆಮೇಲೆ ಹೋದರು.

ಆ ಚಳಿಗಾಲಕ್ಕೆ ಧನಿಗಳು ಹೊಸ ಬೋಟು ಇಳಿಸಿದರು. ನಾನು ಮತ್ತೆ ಹನ್ನೊಂದು ವರ್ಷ ತಂಡೇಲನಾಗಿದ್ದೆ. ಹೊಸ ಬೋಟಿಗೆ ನಿಜವಾದ ಕಂಪಾಸನ್ನೇ ಹಾಕಿಸಿದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಬಚ್ಚಣ್ಣ ಕೋಡಿಯಲ್ಲಿ ಬಲೆ ಹೊಲಿಯುತ್ತಾರೆ ಎಂದು ಕೇಳಿದ್ದೆ. ಹೋಗಲಿಲ್ಲ. ತೀರಿಕೊಂಡರು ಎಂದು ಕೇಳಿದಾಗ ಕಡಲಲ್ಲಿದ್ದೆ. ಅದೂ ಒಂದು ನೆವವಾಯಿತು.

ಮಗಳ ಮನೆಗೆ ದಾರಂದ ಇಟ್ಟ ಮೂರನೆಯ ದಿನ ನಾನು ಬಸ್ಸು ಹತ್ತಿ ಕೋಡಿಗೆ ಹೋದೆ. ಬಚ್ಚಣ್ಣನ ಹೆಂಡತಿ ಗಿರಿಜಕ್ಕ ಬೆಲ್ಲ ನೀರು ತಂದಿಟ್ಟು ಕುಳಿತರು. ನಾನು ಇಲ್ಲಿ ಬರೆದಿರುವುದನ್ನೆಲ್ಲ ಹೇಳಿದೆ. ಮುಗಿದ ಮೇಲೆ ಅವರು ಹೇಳಿದರು:

"ಕಡಿಗಾಲದಲ್ ಬಾಗ್ಲಲ್ ನಿಂತ್ ನನ್ ಹತ್ರ ಕೇಂತಿದ್ರ್, ಗಿರ್ಜಾ, ಕಡಲ್ ಯಾವ ಬದಿಗ್ ಅಂತ. ಕಡಲಿನ್ ಶಬ್ದ ಕಿವಿಗ್ ಬೀಳ್ತಾ ಇತ್ತ್. ಆದ್ರೂ ಕೇಂತಿದ್ರ್. ನಾನ್ ಕೈ ಹಿಡ್ದ್ ತೋರ್ಸೂಕಿತ್ತ್. ವಯಸ್ಸಾಯ್ತ್ ಅಂದ್ಕಂಡಿದ್ದೆ."

ನಾನು ಅವರ ಕಾಲಿಗೆ ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ನನ್ ಹತ್ರ ಹೇಳಿ ಎಂತ ಆಯ್ಕ್? ಅವ್ರ್ ಮರ್ಯಾದಿ ಹೋದದ್ದ್ ನನ್ ಮನಿಯಾಗ್ ಅಲ್ಲ, ಬಂದರದಾಗೆ. ಅಲ್ಲ್ ಹೋಯ್ ಹೇಳಿ." ನೀರಿನ ಲೋಟ ತೆಗೆದುಕೊಂಡು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಬಂದರಕ್ಕೆ ಹೋದೆ. ಚಂದ್ರ ತೀರಿಹೋಗಿದ್ದ. ರಾಮ ಮುಂಬಯಿಯಲ್ಲಿ ನೆಂಟರ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂರುತ್ತಾನಂತೆ, ಅವನ ವಿಳಾಸ ಇನ್ನೂ ಸಿಕ್ಕಿಲ್ಲ. ಮೀನಿನ ಏಲಂ ಮುಗಿದು ಬಿಡುವಾಗಿದ್ದ ಹೊತ್ತು. ಚಾದಂಗಡಿಯ ಬೆಂಚಿನಲ್ಲಿ ಎಂಟು ಹತ್ತು ಜನ ಇದ್ದರು. ಎಲ್ಲ ನಾನು ಕಡಲು ಬಿಟ್ಟ ಮೇಲೆ ಬಂದ ಹೊಸ ಮುಖಗಳು. ನಾನು ಅವರ ಎದುರು ನಿಂತು, ಬಚ್ಚಣ್ಣನ ವಿಷಯ ಒಂದು ಮಾತು ಹೇಳುವುದಿದೆ ಎಂದೆ.

"ಯಾವ ಬಚ್ಚಣ್ಣ, ಅಜ್ಜ?" ಎಂದು ಒಬ್ಬ ತಂಡೇಲ ಕೇಳಿದ. ಪಕ್ಕದವನ ಮುಖ ನೋಡಿದ. ಅವನಿಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಒಂದು ಕ್ಷಣ ಎದೆ ಹಗುರವಾಯಿತು. ಅದನ್ನೂ ಮುಚ್ಚಿಡುವುದಿಲ್ಲ. ಅವರ ಹೆಸರೇ ಇಲ್ಲದ ಮೇಲೆ ಹೆಸರಿಗೆ ಅಂಟಿದ ಕೆಸರು ಎಲ್ಲಿದೆ, ಇನ್ನು ಮನೆಗೆ ಹೋಗಬಹುದು ಅನಿಸಿತು. ಕಾಲು ತಿರುಗಿಯೂ ಇತ್ತು. ಆದರೆ ಅವರು ಬದುಕಿದ್ದಾಗ ನಾನು ಕಸಿದುಕೊಂಡದ್ದು ಒಂದು ಮಾತು. ಈಗ ಹೊರಟು ಹೋದರೆ ಅವರೇ ಇರಲಿಲ್ಲ ಎಂದ ಹಾಗೆ.

ಮತ್ತೆ ಅವರ ಕಡೆಗೆ ತಿರುಗಿದೆ. "ಎಂತ ವಿಷಯ ಅಜ್ಜ, ಹೇಳಿ," ಎಂದು ಆ ತಂಡೇಲ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟ. ಬಚ್ಚಣ್ಣ ಯಾರು ಎನ್ನುವುದರಿಂದಲೇ ಶುರು ಮಾಡಬೇಕಾಯಿತು. ಕೋಡಿಯವರು, ಚುಕ್ಕಾಣಿ ಹಿಡಿಯುತ್ತಿದ್ದರು, ಬರಿಗಾಲಲ್ಲಿ ಅಲೆ ತಿಳಿಯುತ್ತಿದ್ದರು, ನನಗೆ ಕಡಲು ಕಲಿಸಿದವರು ಎಂದು ಒಂದೊಂದಾಗಿ ಹೇಳಿದೆ. ಅವರು ಯಾರೆಂದು ಎಲ್ಲರಿಗೂ ತಿಳಿದ ಮೇಲೆ, ಆ ಮಳೆಯಲ್ಲಿ ಅವರು ಸೀದಾ ಹೋಗು ಎಂದು ಮೂರು ಸಲ ಹೇಳಿದ್ದರು, ನಾನು ಮೂರು ಸಲವೂ ಕೇಳಿಸಿಕೊಂಡಿದ್ದೆ ಎಂದೆ.